ಕೊಟ್ಟಿಗೆಯ ಸೊಳ್ಳೆ, ಅಂಗನವಾಡಿಯ ಸೂಜಿ

ತಾಯಿ ಕಾರ್ಡಿನಲ್ಲಿ ಒಂಬತ್ತು ತಿಂಗಳ ಸಾಲಿಗೆ ಬಂದಾಗ ನನ್ನ ಅಣ್ಣನ ಮಗಳ ಬೆರಳು ಅಲ್ಲೇ ನಿಂತಿತು. ದಡಾರ-ರುಬೆಲ್ಲಾ ಸರಿ, ವಿಟಮಿನ್ ‘ಎ’ ಕೂಡ ಸರಿ. ಅದರ ಪಕ್ಕದಲ್ಲಿದ್ದ ಜೆ.ಇ. (ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮೆದುಳು ಜ್ವರದ ಲಸಿಕೆ) ಎಂಬ ಎರಡಕ್ಷರ ಅವಳನ್ನು ತಡೆದಿತ್ತು. “ಅತ್ತೆ, ಇದು ಜಪಾನಿನ ಕಾಯಿಲೆಯಂತೆ. ಬೆಂಗಳೂರಿನಲ್ಲಿರುವ ನಮ್ಮ ನಾದಿನಿಯ ಮಗುವಿಗೆ ಇದನ್ನು ಹಾಕಿಯೇ ಇಲ್ಲ. ನಮ್ಮ ಹಳ್ಳಿಯ ಮಕ್ಕಳಿಗೆ ಮಾತ್ರ ಯಾಕೆ? ಹೊಸ ಔಷಧಿ ಏನಾದರೂ ನಮ್ಮ ಮೇಲೆ ಪರೀಕ್ಷೆ ಮಾಡುತ್ತಿದ್ದಾರೆಯೇ?” ಎಂದು ಕೇಳಿದಳು. ಗಂಡನ ಮನೆಯಲ್ಲಿ ಈ ಒಂದು ಸೂಜಿ ಬೇಡವೆಂದು ಹೇಳಿ ಕಳುಹಿಸಿದ್ದರು. ಮಗು ಅವಳ ತೊಡೆಯ ಮೇಲೆ ಮಲಗಿ ಕಾರ್ಡಿನ ಮೂಲೆಯನ್ನು ಬಾಯಿಗೆ ಇಟ್ಟುಕೊಳ್ಳಲು ನೋಡುತ್ತಿತ್ತು. “ಹಾಕಿಸಬೇಕು ಕಣಮ್ಮ, ಒಳ್ಳೆಯದು” ಎಂದೆ. ಅವಳು ಸುಮ್ಮನಾದಳು. ಒಪ್ಪಿ ಸುಮ್ಮನಾದದ್ದಲ್ಲ ಅದು. ಹಿರಿಯರು ಹೇಳಿದ ಮೇಲೆ ಎದುರು ಮಾತನಾಡಬಾರದೆಂಬ ಮೌನ.

ಮದ್ದೂರು ತಾಲ್ಲೂಕಿನ ನಮ್ಮೂರಿನ ಹಳೆಯ ಮನೆಯ ಜಗಲಿಯಲ್ಲಿ ಈ ಮಾತು ನಡೆಯಿತು. ಅವರೆಕಾಯಿಯ ಕಾಲ. ನಮ್ಮಿಂದ ನಾಲ್ಕು ಅಡಿ ಆಚೆ ನನ್ನ ಚಿಕ್ಕಪ್ಪನ ಮಗ ಕುಳಿತು ಅವರೆಕಾಯಿ ಸುಲಿಯುತ್ತಿದ್ದ. ಅವನಿಗೆ ಈಗ 48 ವರ್ಷ. ಮೊರವನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಎಡಗೈಯೊಂದರಲ್ಲೇ ಕಾಯಿಯ ತುದಿ ಮುರಿದು, ಹೆಬ್ಬೆರಳಿನಿಂದ ಸೀಳಿ ಕಾಳು ಉದುರಿಸುತ್ತಾನೆ. ಬಲಗೈ ಮಡಿಲಲ್ಲಿ ಮುದುರಿಕೊಂಡು ಬಿದ್ದಿರುತ್ತದೆ. ಮನೆಯಲ್ಲಿ ಎಲ್ಲರೂ ಅವನನ್ನು ಇವತ್ತಿಗೂ ಪುಟ್ಟ ಎಂದೇ ಕರೆಯುತ್ತೇವೆ. ಅಂದು ಸಂಜೆ ಮೈಸೂರಿನ ಬಸ್ಸಿನಲ್ಲಿ ಕುಳಿತಾಗ ನನಗೆ ಹೊಳೆದದ್ದು ಇದು: ಆ ಹುಡುಗಿಯ ಪ್ರಶ್ನೆಗೆ ಉತ್ತರ ಅದೇ ಜಗಲಿಯಲ್ಲಿ ಕುಳಿತಿತ್ತು, ಮತ್ತು ಆ ಉತ್ತರವನ್ನು ಅವಳಿಗೆ ಯಾರೂ ಎಂದೂ ಹೇಳಿರಲಿಲ್ಲ. ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ವರ್ಷಗಟ್ಟಲೆ ಜೀವಶಾಸ್ತ್ರ ಕಲಿಸಿರುವ ನಾನೂ ಹೇಳಿರಲಿಲ್ಲ. ಶ್ರೀರಂಗಪಟ್ಟಣ ದಾಟುವವರೆಗೂ ಆ ಯೋಚನೆ ನನ್ನನ್ನು ಬಿಡಲಿಲ್ಲ.

ಆ ವರ್ಷ

1983ರಲ್ಲಿ ನನಗೆ ಹತ್ತು ವರ್ಷ, ಪುಟ್ಟನಿಗೆ ಆರು. ಒಂದನೇ ತರಗತಿಗೆ ಸೇರಿ, ಸ್ಲೇಟಿನ ಮೇಲೆ ‘ಅ’ದಿಂದ ‘ಅಃ’ವರೆಗೆ ತಪ್ಪಿಲ್ಲದೆ ಬರೆಯುತ್ತಿದ್ದ. ನನಗಿಂತ ದುಂಡಾಗಿ ಬರೆಯುತ್ತಾನೆ ಎಂದು ಅಪ್ಪ ಹೊಗಳಿದ್ದಕ್ಕೆ ನಾನು ಮುನಿಸಿಕೊಂಡದ್ದೂ ಉಂಟು. ಒಂದು ಬೆಳಿಗ್ಗೆ ತಲೆನೋವೆಂದು ಎದ್ದ. ಮೈ ಕೆಂಡವಾಗಿತ್ತು. ಮಾರನೆಯ ದಿನ ಕುಡಿಸಿದ ಗಂಜಿಯೆಲ್ಲ ವಾಂತಿಯಾಯಿತು. ಮೂರನೆಯ ದಿನ ಕೈಕಾಲು ಸೆಟೆದುಕೊಂಡವು, ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಹೊರಟರು. ಚಿಕ್ಕಮ್ಮ ಅವನ ತಲೆಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಳ್ಳಲು ಹೋದಾಗ ಕತ್ತು ಬಾಗಲೇ ಇಲ್ಲ. ಮರದ ತುಂಡಿನ ಹಾಗೆ ಇಡೀ ಮೈ ಒಟ್ಟಿಗೆ ಎದ್ದಿತು. ಗಾಡಿಯ ಹಿಂದೆ ಓಡುತ್ತಿದ್ದ ನನಗೆ ಕಂಡ ಆ ನೋಟ ಇಂದಿಗೂ ಹಾಗೆಯೇ ಇದೆ.

ಮೂರು ವಾರಕ್ಕೂ ಮೇಲೆ ಆಸ್ಪತ್ರೆಯಲ್ಲಿದ್ದ. ಬೆನ್ನುಮೂಳೆಯ ಸಂದಿನಿಂದ ನೀರು ತೆಗೆದು ಪರೀಕ್ಷಿಸಿದರು. ಮೆದುಳು ಜ್ವರ ಎಂದರು. ಬದುಕಿ ಬಂದ. ಆದರೆ ಬಂದವನಿಗೆ ಬಲಗೈ, ಬಲಗಾಲು ಹಿಡಿತದಲ್ಲಿರಲಿಲ್ಲ. ಮಾತು ಬಾಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಸ್ಲೇಟು ಕೊಟ್ಟರೆ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಅಜ್ಜಿ ಸಾಯುವವರೆಗೂ ಎರಡು ಕಾರಣ ಹೇಳುತ್ತಿದ್ದರು. ಮುಸ್ಸಂಜೆ ಹೊತ್ತಿನಲ್ಲಿ ನಾಲೆ ಏರಿಯ ಮೇಲೆ ಹೋಗಿದ್ದನಲ್ಲ, ಗಾಳಿ ಸೋಕಿತು ಎಂಬುದು ಒಂದು. ಬೆನ್ನಿನ ನೀರು ತೆಗೆದದ್ದರಿಂದಲೇ ಕೈ ಬಿದ್ದುಹೋಯಿತು ಎಂಬುದು ಇನ್ನೊಂದು. ಎರಡನೆಯದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕೇಳಿಬರುವ ಮಾತು. ಮೆದುಳಿನ ಸೋಂಕು ಯಾವ ಬಗೆಯದೆಂದು ತಿಳಿಯಲು ಆ ನೀರನ್ನು ನೋಡಲೇಬೇಕು, ಅದನ್ನು ತೆಗೆಯುವ ಹೊತ್ತಿಗಾಗಲೇ ಮೆದುಳಿಗೆ ಪೆಟ್ಟು ಬಿದ್ದಿರುತ್ತದೆ. ಇದನ್ನು ಅಜ್ಜಿಗೆ ಯಾರೂ ಕುಳಿತು ಹೇಳಲಿಲ್ಲ. ಹೇಳಲು ಅಂದು ಬಿಡುವೂ ಇರಲಿಲ್ಲವೇನೋ. ಪುಟ್ಟನ ಅಕ್ಕಪಕ್ಕದ ಹಾಸಿಗೆಗಳಲ್ಲಿ ಬೇರೆ ಬೇರೆ ಊರುಗಳ ಮಕ್ಕಳು ಅದೇ ಸ್ಥಿತಿಯಲ್ಲಿದ್ದರು ಎಂದು ಚಿಕ್ಕಮ್ಮ ಹೇಳುತ್ತಿದ್ದರು.

ಆ ವರ್ಷ ಮಂಡ್ಯ ಜಿಲ್ಲೆಯಲ್ಲಿ ಜಪಾನೀಸ್ ಎನ್ಸೆಫಲೈಟಿಸ್‌ನ ಸಾಂಕ್ರಾಮಿಕವೇ ಎದ್ದಿತ್ತು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಒಂದು ವೈದ್ಯಕೀಯ ಲೇಖನದ ತಲೆಬರಹದಲ್ಲಿ ನಮ್ಮ ಜಿಲ್ಲೆಯ ಹೆಸರು ಕಂಡಾಗ. ಮೆದುಳು ಜ್ವರಗಳೆಲ್ಲ ಅದೇ ಅಲ್ಲ. ಬ್ಯಾಕ್ಟೀರಿಯಾದಿಂದ ಬರುವುದುಂಟು, ಬೇರೆ ವೈರಾಣುಗಳಿಂದಲೂ ಬರುವುದುಂಟು. ಪುಟ್ಟನ ಕಾಗದಗಳಲ್ಲಿ ಇದ್ದದ್ದು ಮೆದುಳು ಜ್ವರ ಎಂಬ ಒಂದೇ ಮಾತು. ಆದರೆ ಆ ವರ್ಷ, ಆ ಊರು, ಆ ವಯಸ್ಸು, ಉಳಿದುಹೋದ ಆ ಕೈ ಎಲ್ಲವನ್ನೂ ಕೂಡಿಸಿ ನೋಡಿದರೆ ನನಗೆ ಅನುಮಾನ ಉಳಿದಿಲ್ಲ.

ಬ್ಯಾಟರಿ ಹಿಡಿದು ಬಂದವರು

ಪುಟ್ಟ ಮನೆಗೆ ಬಂದ ಕೆಲವು ದಿನಗಳಿಗೆ, ದೀಪ ಹಚ್ಚುವ ಹೊತ್ತಿನಲ್ಲಿ ಇಬ್ಬರು ನಮ್ಮ ಕೊಟ್ಟಿಗೆಗೆ ಬಂದರು. ಕೈಯಲ್ಲಿ ಬ್ಯಾಟರಿ. ರಬ್ಬರ್ ನಳಿಕೆ ಸಿಕ್ಕಿಸಿದ ಗಾಜಿನ ಕೊಳವೆ. ನಮ್ಮಲ್ಲಿ ಆಗ ಒಂದು ಜೊತೆ ಎತ್ತು, ಎರಡು ಎಮ್ಮೆ, ಒಂದು ಕರು ಇದ್ದವು. ಎತ್ತಿನ ಹೊಟ್ಟೆಯ ಮೇಲೆ, ಗೋಡೆಯ ಮೇಲೆ, ಸೂರಿನ ಒಳಬದಿಯಲ್ಲಿ ಬೆಳಕು ಬಿಟ್ಟು, ಸೊಳ್ಳೆ ಕಂಡ ಕಡೆ ಕೊಳವೆಯ ಬಾಯಿಯನ್ನು ಮೆತ್ತಗೆ ಹಿಡಿದು, ನಳಿಕೆಯ ಇನ್ನೊಂದು ತುದಿಯಿಂದ ಉಸಿರು ಎಳೆಯುತ್ತಿದ್ದರು. ಸೊಳ್ಳೆ ಟಕ್ಕನೆ ಒಳಗೆ. ಹತ್ತು ಹನ್ನೆರಡು ಸೇರಿದ ಮೇಲೆ ಬಲೆ ಕಟ್ಟಿದ ಪುಟ್ಟ ಪಂಜರಕ್ಕೆ ಊದಿ ಬಿಡುತ್ತಿದ್ದರು. ನಾನು ಬಾಯಿ ತೆರೆದುಕೊಂಡು ನೋಡುತ್ತ ನಿಂತೆ. ಅವರಲ್ಲಿ ಚಿಕ್ಕವರು ಕೊಳವೆಯನ್ನು ನನ್ನ ಕಣ್ಣ ಮುಂದೆ ಹಿಡಿದು, “ನೋಡು, ಮೂತಿಯ ನಡುವೆ ಬಿಳಿ ಪಟ್ಟಿ ಕಾಣುತ್ತದಲ್ಲವೇ?” ಎಂದರು. ನಾನು ಮುಂದೆ ಜೀವಶಾಸ್ತ್ರ ಓದಿದ್ದಕ್ಕೆ ಆ ಬಿಳಿ ಪಟ್ಟಿಯೂ ಒಂದು ಕಾರಣ.

ಅಜ್ಜಿ ಬಾಗಿಲಿಗೆ ಒರಗಿ ನಿಂತು ಕೇಳಿದರು: “ಇದನ್ನು ಹಿಡಿದು ಏನು ಮಾಡುತ್ತೀರಪ್ಪ?”

“ನಿಮ್ಮ ಮೊಮ್ಮಗನಿಗೆ ಬಂದ ಜ್ವರ ಇದರಿಂದ ಬಂತೇ ಎಂದು ನೋಡುತ್ತೇವೆ ಅಜ್ಜಿ. ಗೊತ್ತಾದರೆ ಹೇಳುತ್ತೇವೆ.”

ಅಜ್ಜಿ ಅವರಿಗೆ ಮಜ್ಜಿಗೆ ಕೊಟ್ಟರು. ಅವರು ಕುಡಿದು ಪಕ್ಕದ ಮನೆಯ ಕೊಟ್ಟಿಗೆಗೆ ಹೋದರು. ಆಮೇಲೆ ಬಹಳ ದಿನ ಅಜ್ಜಿ, “ಸೊಳ್ಳೆ ಹಿಡಿದವರು ಏನಾದರೂ ಹೇಳಿದರೇ?” ಎಂದು ಅಪ್ಪನನ್ನು ಕೇಳುತ್ತಿದ್ದರು. ಆ ಇಬ್ಬರು ಯಾವ ಇಲಾಖೆಯವರೆಂದು ಕೇಳುವ ವಯಸ್ಸು ನನ್ನದಾಗಿರಲಿಲ್ಲ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಕತ್ತಲಲ್ಲಿ ಸಗಣಿಯ ನಡುವೆ ನಿಂತು, ಯಾವ ಸೊಳ್ಳೆಯಲ್ಲಿ ಏನಿದೆಯೋ ತಿಳಿಯದೆ, ತಮ್ಮ ಉಸಿರಿನಿಂದ ಅದನ್ನು ಎಳೆದುಕೊಳ್ಳುವ ಕೆಲಸ ಸಣ್ಣದಲ್ಲ.

ಹಾಗೆ ಹಿಡಿದ ಸೊಳ್ಳೆಗಳ ಮುಂದಿನ ಪ್ರಯಾಣವನ್ನು ನಾನು ಓದಿ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಜಾತಿವಾರು ವಿಂಗಡಿಸಿ, ಗುಂಪು ಗುಂಪಾಗಿ ಅರೆದು, ಆ ದ್ರವವನ್ನು ಎಳೆಯ ಇಲಿಮರಿಗಳಿಗೆ ಚುಚ್ಚಿ, ಅವು ಕಾಯಿಲೆ ಬೀಳುತ್ತವೆಯೇ ಎಂದು ಕಾಯುವುದು ಅಂದಿನ ವಿಧಾನ. ಎಂಬತ್ತರ ದಶಕದಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಮಂಡ್ಯ ಜಿಲ್ಲೆಯ ಈ ಸೊಳ್ಳೆಗಳ ಮೇಲೆ ಒಂದಾದ ಮೇಲೊಂದು ಅಧ್ಯಯನ ಪ್ರಕಟಿಸಿದರು. ಕ್ಯೂಲೆಕ್ಸ್ ಟ್ರೈಟೀನಿಯೋರಿಂಕಸ್, ಕ್ಯೂಲೆಕ್ಸ್ ವಿಷ್ಣುಯಿ ಎಂಬ ಗದ್ದೆ ಸೊಳ್ಳೆಗಳು ಅವುಗಳಲ್ಲಿ ಮುಖ್ಯವಾದವು. ಇಂದು ಜಗತ್ತಿನ ಎಲ್ಲೇ ಭತ್ತದ ಗದ್ದೆ ಮತ್ತು ಮೆದುಳು ಜ್ವರದ ನಂಟನ್ನು ಓದುವವರು ಮಂಡ್ಯದ ಹೆಸರನ್ನು ಕಾಣುತ್ತಾರೆ. ನಮ್ಮ ಎತ್ತು, ಎಮ್ಮೆ, ಕೊಟ್ಟಿಗೆಗಳು ಕಲಿಸಿದ ಪಾಠ ಅದು. ಆ ಪಾಠ ನಮ್ಮ ಜಗಲಿಗೆ ಮಾತ್ರ ಹಿಂದಿರುಗಲಿಲ್ಲ.

ನಾಲೆ ತಂದದ್ದು

ಅಜ್ಜಿ ರಾಗಿಯ ಕಾಲದವರು. ಕನ್ನಂಬಾಡಿ ಕಟ್ಟೆ ಮುಗಿದು, ಮೂವತ್ತರ ದಶಕದಲ್ಲಿ ಇರ್ವಿನ್ ನಾಲೆ (ಈಗಿನ ವಿಶ್ವೇಶ್ವರಯ್ಯ ನಾಲೆ) ಹರಿದ ಮೇಲೆ ಈ ಸೀಮೆಯ ಬಣ್ಣವೇ ಬದಲಾಯಿತು. ಬೆದ್ದಲು ಗದ್ದೆಯಾಯಿತು, ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. ದಿನವೂ ಅನ್ನ ಉಣ್ಣುವುದು ಎಂದರೆ ಏನೆಂದು ಗೊತ್ತಾದದ್ದೇ ಆಗ ಎಂದು ಅಜ್ಜಿ ಹೇಳುತ್ತಿದ್ದರು. “ಅನ್ನದ ಹಿಂದೆಯೇ ಚಳಿಜ್ವರವೂ ಬಂತು” ಎಂದು ಅದೇ ಉಸಿರಿನಲ್ಲಿ ಸೇರಿಸುತ್ತಿದ್ದರು. ಚಳಿಜ್ವರ ಎಂದರೆ ಮಲೇರಿಯಾ. ನಿಂತ ನೀರು ಮತ್ತು ಕಾಯಿಲೆಯ ನಂಟು ಈ ನೆಲಕ್ಕೆ ಹೊಸದಲ್ಲ. ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ಜೊತೆ ಸೇರಿ ಮಲೇರಿಯಾ ಅಧ್ಯಯನಕ್ಕೆ ಇಳಿದದ್ದು ಅದೇ ಕಾಲದಲ್ಲಿ.

ಮಲೇರಿಯಾ ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಸೊಳ್ಳೆಯ ಮೂಲಕ ಹೋಗುತ್ತದೆ. ಈ ಮೆದುಳು ಜ್ವರದ ದಾರಿ ಬೇರೆ, ಮತ್ತು ಆ ದಾರಿ ತಿಳಿದರೆ ನನ್ನ ಸೊಸೆಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ. (ಅಣ್ಣನ ಮಗಳನ್ನು ನಮ್ಮ ಕಡೆ ಸೊಸೆ ಎಂದೇ ಕರೆಯುತ್ತೇವೆ.) ನಾಟಿಯಾದ ಗದ್ದೆಯಲ್ಲಿ, ಪೈರು ಇನ್ನೂ ಹರಡಿ ನೀರನ್ನು ಮುಚ್ಚದ ಮೊದಲ ಕೆಲವು ವಾರಗಳಲ್ಲಿ, ಬಿಸಿಲು ಬೀಳುವ ತೆಳುವಾದ ನೀರಿನಲ್ಲಿ ಈ ಸೊಳ್ಳೆ ಮರಿ ಮಾಡುತ್ತದೆ. ಯೂರಿಯಾ ಎರಚಿದ ಮೇಲೆ ಮರಿಗಳು ಹೆಚ್ಚುತ್ತವೆ ಎಂದು ತಮಿಳುನಾಡಿನ ಗದ್ದೆಗಳಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ವೈರಾಣುವಿನ ನಿಜವಾದ ಮನೆ ಬೆಳ್ಳಕ್ಕಿ, ಬಕಗಳಂಥ ನೀರುಹಕ್ಕಿಗಳು. ಹಂದಿಯ ಮೈ ಸೇರಿದರೆ ಅದರ ರಕ್ತದಲ್ಲಿ ವೈರಾಣು ವಿಪರೀತ ಹೆಚ್ಚುತ್ತದೆ. ಆ ಹಂದಿಯನ್ನು ಕಚ್ಚಿದ ಸೊಳ್ಳೆ ಮುಂದೆ ಮಗುವನ್ನು ಕಚ್ಚಿದರೆ ಅಪಾಯ. ಆದರೆ ಮನುಷ್ಯನ ರಕ್ತದಲ್ಲಿ ವೈರಾಣು ಇನ್ನೊಂದು ಸೊಳ್ಳೆಗೆ ದಾಟುವಷ್ಟು ಬೆಳೆಯುವುದೇ ಇಲ್ಲ. ಮಗುವಿನಲ್ಲಿ ಅದರ ದಾರಿ ಮುಗಿದುಹೋಗುತ್ತದೆ. ಪುಟ್ಟನಿಂದ ನನಗೆ ಬರುವ ಹಾಗಿರಲಿಲ್ಲ, ನನ್ನಿಂದ ಅವನಿಗೂ ಇಲ್ಲ.

ಇದರ ಅರ್ಥವನ್ನು ನಿಧಾನವಾಗಿ ಯೋಚಿಸಬೇಕು. ದಡಾರದ ವಿಷಯದಲ್ಲಿ ಊರಿನ ಹೆಚ್ಚಿನ ಮಕ್ಕಳಿಗೆ ಲಸಿಕೆಯಾಗಿದ್ದರೆ ಹಾಕಿಸದ ಒಂದೆರಡು ಮಕ್ಕಳಿಗೂ ಅದರ ನೆರಳು ಸಿಗುತ್ತದೆ, ಏಕೆಂದರೆ ರೋಗ ಮಗುವಿನಿಂದ ಮಗುವಿಗೆ ಹೋಗಲು ದಾರಿ ಸಿಗುವುದಿಲ್ಲ. ಈ ಮೆದುಳು ಜ್ವರದಲ್ಲಿ ಆ ನೆರಳು ಇಲ್ಲ. ಇಡೀ ಊರಿನ ಮಕ್ಕಳಿಗೆ ಹಾಕಿಸಿ ಒಂದು ಮಗುವನ್ನು ಬಿಟ್ಟರೆ, ಆ ಒಂದು ಮಗುವಿನ ಪಾಲಿನ ಅಪಾಯ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಬೆಳ್ಳಕ್ಕಿ, ಹಂದಿ, ಸೊಳ್ಳೆಗಳ ನಡುವೆ ವೈರಾಣು ತನ್ನ ಪಾಡಿಗೆ ಸುತ್ತುತ್ತಲೇ ಇರುತ್ತದೆ. ಪ್ರತಿ ಮಗುವಿಗೂ ಅದರದೇ ಸೂಜಿ ಬೇಕು. ಎಲ್ಲ ಲಸಿಕೆಗಳನ್ನೂ ಒಂದೇ ಕಂತೆ ಕಟ್ಟಿ, “ಸಮಾಜಕ್ಕಾಗಿ ಹಾಕಿಸಿ” ಎನ್ನುವ ಭಾಷಣದಲ್ಲಿ ಈ ಮಾತು ಕಳೆದುಹೋಗುತ್ತದೆ. ತಾಯಿಯೊಬ್ಬಳಿಗೆ ಮುಟ್ಟಬೇಕಾದ ಮಾತು ಇದೇ.

ಬೆಂಗಳೂರಿನ ಮಗುವಿಗೆ ಏಕಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಸರ್ಕಾರ ಈ ಲಸಿಕೆಯನ್ನು ರೋಗದ ಹಾವಳಿ ಇರುವ ಜಿಲ್ಲೆಗಳಲ್ಲಿ ಮಾತ್ರ ಕೊಡುತ್ತ ಬಂದಿದೆ. 2005ರಲ್ಲಿ ಗೋರಖಪುರದ ಕಡೆ ಸಾವಿರಕ್ಕೂ ಹೆಚ್ಚು ಜೀವ, ಬಹುಪಾಲು ಮಕ್ಕಳವೇ, ಹೋದ ಮೇಲೆ 2006ರಲ್ಲಿ ನಾಲ್ಕು ರಾಜ್ಯಗಳ ಹನ್ನೊಂದು ಜಿಲ್ಲೆಗಳಲ್ಲಿ ಅಭಿಯಾನ ಶುರುವಾಯಿತು. ಕರ್ನಾಟಕವೂ ಆ ನಾಲ್ಕರಲ್ಲಿ ಒಂದು. ಮುಂದೆ ಒಂದೊಂದೇ ಜಿಲ್ಲೆ ಪಟ್ಟಿಗೆ ಸೇರಿತು. 2022ರ ಡಿಸೆಂಬರ್‌ನಲ್ಲಿ ರಾಜ್ಯದ ಇನ್ನಷ್ಟು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಸುಮಾರು 48 ಲಕ್ಷ ಮಕ್ಕಳಿಗೆ ಹಾಕುವ ಗುರಿ ಇಟ್ಟುಕೊಂಡರು. ಹಾಗಾಗಿ ನಮ್ಮ ಮಗುವಿನ ಕಾರ್ಡಿನಲ್ಲಿ ಹೆಚ್ಚಾಗಿರುವ ಆ ಸಾಲು ಪ್ರಯೋಗದ ಗುರುತಲ್ಲ. 1983ರಲ್ಲಿ ಮಲಗಿದ ಮಕ್ಕಳ ಗುರುತು ಅದು. ಜಪಾನಿನ ಹೆಸರು ಅಂಟಿಕೊಂಡದ್ದು ಅಲ್ಲಿ 1935ರಲ್ಲಿ ಈ ವೈರಾಣುವನ್ನು ಮೊದಲು ಬೇರ್ಪಡಿಸಿದ್ದರಿಂದ. ನಮ್ಮ ದೇಶದಲ್ಲಿ 1955ರಲ್ಲೇ ವೆಲ್ಲೂರಿನ ಕಡೆ ಇದು ಕಂಡಿದೆ. 2013ರಲ್ಲಿ ಬಳಕೆಗೆ ಬಂದ ಭಾರತದ್ದೇ ಲಸಿಕೆಯಂತೂ ಕೋಲಾರದ ರೋಗಿಯೊಬ್ಬರಿಂದ ಎಂಬತ್ತರ ದಶಕದ ಆರಂಭದಲ್ಲಿ ದೊರೆತ ವೈರಾಣುವಿನಿಂದ ತಯಾರಾದದ್ದು. ಕೋಲಾರದ ಆ ಮನೆಯಲ್ಲಿ ಇದನ್ನು ಯಾರಾದರೂ ಹೇಳಿರಬಹುದೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನೊಂದು ಮಾತು. ಸೋಂಕು ತಗುಲಿದ ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ತೀವ್ರವಾಗಿ ಕಾಣಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದವರಿಗೆ ಒಂದು ಸಣ್ಣ ಜ್ವರ, ಇಲ್ಲವೇ ಏನೂ ಇಲ್ಲ. ಆದರೆ ಹಾಗೆ ತೀವ್ರವಾದವರಲ್ಲಿ ನೂರಕ್ಕೆ ಮೂವತ್ತರವರೆಗೂ ಸಾವು, ಬದುಕಿದವರಲ್ಲೂ ಹಲವರಿಗೆ ಜೀವನಪೂರ್ತಿ ಊನ. ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. “ಸೊಳ್ಳೆ ಊರಿಗೆಲ್ಲ ಕಚ್ಚಿತು, ನಮ್ಮ ಪುಟ್ಟನಿಗೆ ಮಾತ್ರ ಯಾಕೆ?” ಎಂದು ಚಿಕ್ಕಮ್ಮ ಕೇಳುತ್ತಿದ್ದರು. ತನ್ನದೇ ಯಾವುದೋ ಪಾಪದ ಫಲವೆಂದು ನಂಬಿ ಹತ್ತಾರು ಹರಕೆ ಹೊತ್ತರು. ಅದು ಲೆಕ್ಕದ ಮಾತು ಚಿಕ್ಕಮ್ಮ, ನಮ್ಮ ಮನೆಯ ಎಲ್ಲ ಮಕ್ಕಳ ರಕ್ತದಲ್ಲೂ ಆ ವೈರಾಣು ಹಾದುಹೋಗಿರಬಹುದು, ನನ್ನದರಲ್ಲೂ ಹೋಗಿರಬಹುದು, ನಿಮ್ಮ ತಪ್ಪು ಇದರಲ್ಲಿ ಏನೂ ಇಲ್ಲ ಎಂದು ನಾನು ಹೇಳಬಹುದಾಗಿತ್ತು. ನನಗೆ ಗೊತ್ತಾದಾಗ ಅವರು ಇನ್ನೂ ಬದುಕಿದ್ದರು. ಹಳೆಯ ಗಾಯ ಕೆದಕುವುದು ಬೇಡವೆಂದು ಸುಮ್ಮನಿದ್ದೆ. ಅದು ತಪ್ಪು ಎಂದು ಈಗ ಅನಿಸುತ್ತದೆ.

ಹಂದಿಗಳ ಮಾತು ಬಂದಾಗ ಇನ್ನೊಂದು ನೆನಪು ಚುಚ್ಚುತ್ತದೆ. ಹಂದಿಯಿಂದ ಬರುವ ಜ್ವರ ಎಂಬ ಅರ್ಧ ಮಾತು ಊರಿಗೆ ತಲುಪಿತ್ತು. ಅಷ್ಟೇ ಸಾಕಾಯಿತು. ಊರಾಚೆ ಹಂದಿ ಸಾಕಿಕೊಂಡಿದ್ದ ಎರಡು ಕುಟುಂಬಗಳ ಮೇಲೆ ಊರು ತಿರುಗಿಬಿತ್ತು. ಒಂದು ರಾತ್ರಿ ಅವರು ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದರು. ಅವರ ಮಕ್ಕಳೂ ಅದೇ ಸೊಳ್ಳೆಗಳ ನಡುವೆ ಮಲಗುತ್ತಿದ್ದರಲ್ಲ, ನಮಗಿಂತ ಹತ್ತಿರದಲ್ಲಿ, ಪರದೆಯಿಲ್ಲದೆ! ಗದ್ದೆ ನಮ್ಮದು, ನೀರು ನಮ್ಮದು, ಆಪಾದನೆ ಮಾತ್ರ ಅವರದು. ಅರ್ಧ ತಿಳಿವಳಿಕೆ ಊರಿಗೆ ಬಂದರೆ ಅದು ಎಲ್ಲಕ್ಕಿಂತ ಬಡವನ ಬಾಗಿಲಿಗೆ ಮೊದಲು ಹೋಗಿ ನಿಲ್ಲುತ್ತದೆ. ಹಕ್ಕಿಗಳ ವಿಷಯದಲ್ಲೂ ಹಾಗೆ ಆಗಬಾರದು. ನಮ್ಮ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಜನ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ಮನೆಮಕ್ಕಳಂತೆ ಕಾಯುತ್ತ ಬಂದಿದ್ದಾರೆ. ಅವು ಬೆಳ್ಳಕ್ಕಿ, ಬಕಗಳ ಕುಲದವೂ ಅಲ್ಲ. ಮಗುವನ್ನು ಕಾಯಲು ಲಸಿಕೆ ಇರುವಾಗ ಯಾವ ಹಕ್ಕಿಯ ಮೇಲೂ ಕಲ್ಲು ಎಸೆಯಬೇಕಾಗಿಲ್ಲ.

ಸೆರಗು ಸರಿಸಿದ ರಾಣಿ

ಮೈಸೂರಿಗೆ ಈ ವಿಷಯದಲ್ಲಿ ಒಂದು ಹಳೆಯ ನೆನಪಿದೆ. ಎಡ್ವರ್ಡ್ ಜೆನ್ನರ್ 1796ರಲ್ಲಿ ಕಂಡುಹಿಡಿದ ಸಿಡುಬಿನ ಲಸಿಕೆ 1802ರ ಜೂನ್‌ನಲ್ಲಿ ಮುಂಬಯಿಗೆ ತಲುಪಿತು. ಮೊದಲು ಹಾಕಿಸಿಕೊಂಡದ್ದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು. ಶೀತಲ ಪೆಟ್ಟಿಗೆಗಳಿಲ್ಲದ ಕಾಲ. ಒಂದು ಮಗುವಿನ ತೋಳಿನ ಗುಳ್ಳೆಯಿಂದ ಇನ್ನೊಂದು ಮಗುವಿನ ತೋಳಿಗೆ ದಾಟಿಸುತ್ತ, ಮಕ್ಕಳ ಸರಪಳಿಯ ಮೇಲೆಯೇ ಅದು ಊರಿಂದ ಊರಿಗೆ ನಡೆಯಿತು. ಯಾವ ಜಾತಿಯ ಮಗುವಿನ ಮೈಯಿಂದ ಬಂದದ್ದೋ, ಅದೂ ಮೂಲದಲ್ಲಿ ಹಸುವಿನದು, ಎಂಬ ಅನುಮಾನ ಜನರಲ್ಲಿ ಎಷ್ಟಿತ್ತು ಎಂದು ಊಹಿಸುವುದು ಕಷ್ಟವಲ್ಲ. 1805ರಲ್ಲಿ ಥಾಮಸ್ ಹಿಕಿ ಬರೆದ ಒಂದು ತೈಲಚಿತ್ರದಲ್ಲಿ ಮೈಸೂರು ಅರಮನೆಯ ಮೂವರು ಸ್ತ್ರೀಯರಿದ್ದಾರೆ. ಅವರಲ್ಲಿ ಕಿರಿಯಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಅವಳು ಸೆರಗು ಸರಿಸಿ ತೋರಿಸುತ್ತಿರುವುದು ತೋಳಿನಲ್ಲಿ ಲಸಿಕೆ ಹಾಕಿಸಿಕೊಂಡ ಜಾಗವನ್ನು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ಪಕ್ಕದ ಸ್ತ್ರೀಯ ಬಾಯಿಯ ಸುತ್ತ ಬಣ್ಣಗೆಟ್ಟ ಚರ್ಮವಿದೆ, ಅದು ಹಳೆಯ ಪದ್ಧತಿಯಂತೆ ಸಿಡುಬಿನ ಪುಡಿಯನ್ನು ಮೂಗಿಗೆ ಊದಿದ್ದರ ಗುರುತು ಎಂದು ಅವರು ಹೇಳುತ್ತಾರೆ.

ಆ ಚಿತ್ರದ ಹಿಂದೆ ಕಂಪನಿ ಸರ್ಕಾರದ ಲೆಕ್ಕಾಚಾರಗಳಿದ್ದವು, ಅದನ್ನು ನಾನು ಮರೆಯುವುದಿಲ್ಲ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಹುಡುಗಿಯ ಕೈ. ಹನ್ನೆರಡರ ಆಸುಪಾಸಿನ ಹುಡುಗಿ ಸೆರಗನ್ನು ಒಂದಿಷ್ಟು ಸರಿಸುತ್ತಾಳೆ. ಒಬ್ಬಳು ತನ್ನ ಮೈಯನ್ನೇ ತೋರಿಸಿ, ನೋಡಿ, ಇಲ್ಲಿ ಹಾಕಿಸಿಕೊಂಡಿದ್ದೇನೆ ಎನ್ನುವ ತನಕ ಸೂಜಿ ಬರೀ ಸೂಜಿಯಾಗಿಯೇ ಇರುತ್ತದೆ. ಇನ್ನೂರು ವರ್ಷಗಳ ಹಿಂದೆ ಅದು ಗೊತ್ತಿತ್ತು. ಇಂದು ನಮ್ಮ ಅಂಗನವಾಡಿಯಲ್ಲಿ ಸಿಸ್ಟರ್ ಒಂದು ಬೆಳಿಗ್ಗೆಯಲ್ಲಿ ಮೂವತ್ತು ಮಕ್ಕಳನ್ನು ನೋಡಬೇಕು, ಕಾರ್ಡು ತುಂಬಬೇಕು, ಮೊಬೈಲಿನಲ್ಲಿ ದಾಖಲಿಸಬೇಕು, ಪೆಟ್ಟಿಗೆಯ ಮಂಜು ಕರಗುವುದರೊಳಗೆ ಮುಂದಿನ ಊರಿಗೆ ಹೊರಡಬೇಕು. ಪ್ರತಿ ತಾಯಿಯ ಜೊತೆ ಕುಳಿತು 1983ರ ಕಥೆ ಹೇಳಲು ಆಕೆಗೆ ಸಮಯ ಎಲ್ಲಿದೆ? ಆ ಕಥೆ ಗೊತ್ತಿರುವವರು ನಾವು.

ಬುಧವಾರದ ರಾತ್ರಿ

ಲಸಿಕೆಯ ದಿನ ಗುರುವಾರ. ನಾನು ಶಾಲೆಗೆ ರಜೆ ಹಾಕಿ ಬುಧವಾರ ಸಂಜೆಯೇ ಊರಿಗೆ ಹೋದೆ. ಊಟವಾದ ಮೇಲೆ ಸೊಸೆಯನ್ನು ಜಗಲಿಗೆ ಕರೆದು, ಗಾಡಿಯ ಹುಲ್ಲಿನಿಂದ ಹಿಡಿದು ಗಾಜಿನ ಕೊಳವೆಯವರೆಗೆ, ಬೆಳ್ಳಕ್ಕಿಯಿಂದ ಹಿಡಿದು ಕೋಲಾರದವರೆಗೆ ಎಲ್ಲವನ್ನೂ ಹೇಳಿದೆ. ಅವಳು ನಡುವೆ ತಡೆದು, “ಪುಟ್ಟ ಚಿಕ್ಕಪ್ಪನಿಗೆ ಇದೇ ಬಂದದ್ದೇ? ಹುಟ್ಟಿದಾಗಿನಿಂದಲೂ ಹಾಗೇ ಇದ್ದಾರೆ ಎಂದುಕೊಂಡಿದ್ದೆ” ಎಂದಳು. ಅವಳು ಹುಟ್ಟಿ ಬೆಳೆದದ್ದು ಇದೇ ಮನೆಯಲ್ಲಿ. ಅವನ ಭುಜದ ಮೇಲೆ ಕುಳಿತು ಜಾತ್ರೆ ನೋಡಿದವಳು. ಇಷ್ಟು ವರ್ಷ ಅವಳಿಗೆ ಅವನ ಕೈ ಅವನ ಮೂಗು, ಕಿವಿಗಳ ಹಾಗೆ ಒಂದು ಗುರುತಾಗಿತ್ತು. ಅದಕ್ಕೆ ಹಿಂದೊಂದು ದಿನವಿತ್ತು, ಒಂದು ಸ್ಲೇಟಿತ್ತು ಎಂದು ತಿಳಿದಿರಲಿಲ್ಲ.

ಆಮೇಲೆ ಅವಳ ಪ್ರಶ್ನೆಗಳು ಶುರುವಾದವು, ಮತ್ತು ಅವು ಬಹಳ ಒಳ್ಳೆಯ ಪ್ರಶ್ನೆಗಳಾಗಿದ್ದವು. ಗದ್ದೆಯೇ ಮೂಲವಾದರೆ ಗದ್ದೆಯಲ್ಲೇ ಏನಾದರೂ ಮಾಡಬಾರದೇ? ಮಾಡಬಹುದು ಎಂದೆ. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಒಂದು ವಾರದಿಂದ ಹತ್ತು ದಿನ ಬೇಕು. ಅಷ್ಟರೊಳಗೆ ನೀರು ಬಸಿದು ಗದ್ದೆ ಆರಿದರೆ ಮರಿಗಳು ಸಾಯುತ್ತವೆ. ಮಧುರೆಯ ವೈದ್ಯಕೀಯ ಕೀಟಶಾಸ್ತ್ರ ಸಂಶೋಧನಾ ಕೇಂದ್ರದಲ್ಲಿ ರೇಚಲ್ ರೂಬೆನ್ ಮತ್ತು ಸಂಗಡಿಗರು ತೊಂಬತ್ತರ ದಶಕದಲ್ಲಿ ಇದನ್ನು ಗದ್ದೆಗಳಲ್ಲೇ ಪರೀಕ್ಷಿಸಿದರು. ನೀರನ್ನು ಬಿಟ್ಟು ಬಿಟ್ಟು ಕಟ್ಟುವುದರ ಜೊತೆ ಯೂರಿಯಾಕ್ಕೆ ಬೇವು ಸೇರಿಸಿ ಹಾಕಿದಾಗ ಸೊಳ್ಳೆಮರಿಗಳು ಗಣನೀಯವಾಗಿ ಕಡಿಮೆಯಾದವು. ಒಳಗೆ ಮಲಗಿದ್ದ ಅಣ್ಣ ಎದ್ದು ಬಂದ. “ನಾಲೆಗೆ ಸರದಿಯ ಮೇಲೆ ನೀರು ಬಿಡುವ ಕಟ್ಟು ಪದ್ಧತಿಯಲ್ಲಿ ಗದ್ದೆ ಹೇಗೂ ನಡುನಡುವೆ ಆರುತ್ತದೆ. ಆದರೆ ಎಲ್ಲರ ಗದ್ದೆಯೂ ಒಟ್ಟಿಗೆ ಆರಬೇಕಲ್ಲ. ಮೇಲಿನ ತೂಬಿನವನು ನೀರು ನಿಲ್ಲಿಸಿಕೊಂಡರೆ ಅಲ್ಲಿಂದ ಹಾರಿ ಬರುವುದಿಲ್ಲವೇ?” ಎಂದ. ನಾನು ಓದಿದ ಯಾವ ಲೇಖನಕ್ಕೂ ಕಡಿಮೆಯಿಲ್ಲದ ಮಾತು ಅದು. ಈ ಸೊಳ್ಳೆ ಕಿಲೋಮೀಟರುಗಟ್ಟಲೆ ಹಾರಬಲ್ಲದು. ಒಬ್ಬ ರೈತನ ಕೈಯಲ್ಲಿರುವ ಉಪಾಯ ಇದಲ್ಲ. ನೀರಗಂಟಿ, ನೀರಾವರಿ ಇಲಾಖೆ, ಇಡೀ ಬಯಲು ಒಟ್ಟಾದರೆ ಮಾತ್ರ ಆಗುವಂಥದ್ದು. ಅಲ್ಲಿಯವರೆಗೆ ಸಂಜೆಗೆ ಸೊಳ್ಳೆ ಪರದೆ, ಮಗುವಿಗೆ ಸೂಜಿ.

ಕೊಟ್ಟಿಗೆಯಲ್ಲಿ ಅಜ್ಜಿ ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದದ್ದು, ದೀಪ ಹಚ್ಚಿದ ಮೇಲೆ ಮಕ್ಕಳು ನಾಲೆ ಏರಿಗೆ ಹೋಗಬಾರದೆಂದು ಕಟ್ಟಪ್ಪಣೆ ಮಾಡಿದ್ದು ಆ ರಾತ್ರಿ ನೆನಪಾಯಿತು. ಈ ಸೊಳ್ಳೆ ಕಚ್ಚುವುದೂ ಮುಸ್ಸಂಜೆಯ ನಂತರವೇ. ಗಾಳಿ ಸೋಕಿತು ಎಂಬ ಅವರ ಕಾರಣ ತಪ್ಪಾಗಿತ್ತು. ಆದರೆ ಹೊತ್ತು, ಜಾಗ ಎರಡನ್ನೂ ಅವರು ಸರಿಯಾಗಿ ನೋಡಿದ್ದರು. ಸೊಳ್ಳೆ ಹಿಡಿದವರು ಹಿಂದಿರುಗಿ ಬಂದು ಹೇಳಿದ್ದರೆ ಅಜ್ಜಿ ತಲೆದೂಗಿ, ಇನ್ನೊಂದು ಲೋಟ ಮಜ್ಜಿಗೆ ಕೊಡುತ್ತಿದ್ದರು.

ಬೆಳಿಗ್ಗೆ ಸೊಸೆಯ ಗಂಡನ ಮನೆಯಿಂದ ಫೋನ್ ಬಂತು. ಅವಳು ಒಳಕೋಣೆಗೆ ಹೋಗಿ ಬಹಳ ಹೊತ್ತು ಮಾತನಾಡಿದಳು. ಬಾಗಿಲ ಸಂದಿನಿಂದ “ಇಲ್ಲ ಅತ್ತೆಮ್ಮ, ನೀವು ನೋಡಿದ್ದೀರಲ್ಲ, ನಮ್ಮ ಪುಟ್ಟ ಚಿಕ್ಕಪ್ಪ” ಎಂಬ ಮಾತಷ್ಟು ಕೇಳಿಸಿತು. ಹೊರಗೆ ಬಂದವಳು ಏನೂ ಹೇಳದೆ ಮಗುವಿಗೆ ಟೋಪಿ ಕಟ್ಟಿದಳು.

ಅಂಗನವಾಡಿಗೆ ನಾಲ್ವರು ಹೋದೆವು, ಮಗುವೂ ಸೇರಿ. ಪುಟ್ಟನನ್ನು ಯಾರೂ ಕರೆದಿರಲಿಲ್ಲ. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟು ಎಡಗೈಗೆ ಸಿಕ್ಕಿಸಿಕೊಂಡು ಅವನೇ ಮುಂದೆ ನಡೆದ, ಬಲಗಾಲು ಎಳೆದುಕೊಂಡು, ನಾಲೆಯ ಪಕ್ಕದ ದಾರಿಯಲ್ಲಿ. ಅಲ್ಲಿ ಹನ್ನೊಂದು ತಾಯಂದಿರು ಕುಳಿತಿದ್ದರು. ಸಿಸ್ಟರ್ ಒಂದು ಸೂಜಿ ಈ ತೋಳಿಗೆ, ಇನ್ನೊಂದು ಆ ತೋಳಿಗೆ ಎಂದರು. ಮಗು ಮೊದಲ ಸೂಜಿಗೇ ಚೀರಿತು. ಪುಟ್ಟ ಬಾಗಿ, ಸಿಕ್ಕಿಕೊಳ್ಳುವ ಮಾತಿನಲ್ಲಿ ಏನೋ ಹೇಳುತ್ತ, ಅದರ ಪಾದವನ್ನು ಎಡಗೈಯಲ್ಲಿ ಹಿಡಿದುಕೊಂಡ. ಎರಡನೆಯದನ್ನು ಚುಚ್ಚುವಾಗ ಪಕ್ಕದಲ್ಲಿ ಕುಳಿತಿದ್ದ ಯಾರೋ ಹುಡುಗಿ, “ಅಕ್ಕ, ಅದು ಯಾತರ ಸೂಜಿ? ನಮ್ಮ ಮನೆಯಲ್ಲಿ ಬೇಡ ಎನ್ನುತ್ತಾರೆ” ಎಂದು ಸೊಸೆಯನ್ನು ಕೇಳಿದಳು. ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಅವಳ ಪಕ್ಕದಲ್ಲಿ ಕುಳಿತಳು. ಪುಟ್ಟನ ಕಡೆ ಒಮ್ಮೆ ನೋಡಿದಳು, ಹೇಳಲೇ ಎಂಬಂತೆ. ಅವನು ತಲೆಯಾಡಿಸಿದ.

ಎರಡನೆಯ ಡೋಸ್ ಹದಿನಾರು ತಿಂಗಳು ತುಂಬಿದ ಮೇಲೆ. ಕಾರ್ಡಿನಲ್ಲಿ ತಾರೀಕು ಬರೆಸಿಕೊಂಡು ಬಂದಿದ್ದೇವೆ.